ಮೊಳೆಗೆ ತೂಗುಹಾಕಿದ ಕೀಲಿ

ಅಂತ್ಯಕ್ರಿಯೆಯ ಮರುದಿನ ಎಂದಿನಂತೆ ಹಾಲು ಬಂತು. ಹಿಂದೆಯೇ ಮೈದುನ ಬಂದ.

"ಅತ್ತಿಗೆ, ಹನ್ನೊಂದಕ್ಕೆ ಗುಜರಿಯವನು ಗಾಡಿ ತರ್ತಾನೆ. ಅಣ್ಣನ ಸ್ಟುಡಿಯೋ ಖಾಲಿ ಮಾಡಿಬಿಡೋಣ. ಕೀಲಿ ಕೊಡಿ."

ಕೀಲಿ ಅಂಗಿಯ ಜೇಬಿನಲ್ಲಿರಲಿಲ್ಲ. ಮೇಜಿನ ಡ್ರಾಯರಿನಲ್ಲೂ ಇರಲಿಲ್ಲ.

"ಬಿಡಿ, ಬೀಗ ಒಡೆಸೋಣ. ಕುಡಿದು ಎಲ್ಲಿ ಬೀಳಿಸಿದ್ನೋ."

ಚಿತ್ರ ಬರೆಯುತ್ತಿದ್ದ ನನ್ನ ಗಂಡ ಸ್ಟುಡಿಯೋದ ಹಿಂಗೋಡೆಯಿಂದ ಬಿದ್ದು ಸತ್ತ. ಬಾಗಿಲಿರುವಾಗ ಗೋಡೆ ಯಾಕೆ ಹತ್ತಿದ ಎಂಬುದಕ್ಕೆ ಎಲ್ಲರೂ ಕಂಡುಕೊಂಡ ಉತ್ತರ ಅದೊಂದೇ. ಅವನು ಕುಡಿತ ಬಿಟ್ಟು ಎರಡು ವರ್ಷವಾಗಿತ್ತು.

"ಹನ್ನೊಂದರ ತನಕ ಬೀಗ ಮುಟ್ಟಬೇಡ," ಎಂದು ಚಪ್ಪಲಿ ಮೆಟ್ಟಿದೆ.

ನಮ್ಮ ಓಣಿಯನ್ನು ನೋಡಲು ದೂರದಿಂದ ಜನ ಬರುತ್ತಾರೆ. ಬಣ್ಣ ಬಳಿದ ಮೆಟ್ಟಿಲು, ಕಿಟಕಿಯಲ್ಲಿ ಒಣಗುವ ಮುಖವಾಡ, ಬಾಗಿಲ ಮೇಲೆ ಬರೆದ ಕವಿತೆಗಳ ಫೋಟೋ ತೆಗೆಯುತ್ತಾರೆ. ಬಾಗಿಲ ಪಕ್ಕದ ಮೊಳೆಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲಿ ಒಬ್ಬರ ಕೆಲಸದ ಹತ್ಯಾರ ಒಯ್ದವರು ತಮ್ಮ ಕೀಲಿಯನ್ನು ಅವರ ಮೊಳೆಗೆ ತೂಗುಹಾಕಬೇಕು. ವಸ್ತು ಮರಳುವ ತನಕ ಕೀಲಿಯಿಲ್ಲ. ಅಲ್ಲಿಯವರೆಗೆ ಒಯ್ದವರ ಬಾಗಿಲು ತೆರೆದೇ ಇರುತ್ತದೆ.

ಗೊಂಬೆ ಮಾಡುವವನು ನಕ್ಕ. "ನನ್ನ ಮೊಳೆಗಾ? ನನ್ನ ಹತ್ರ ಇರೋದು ರಾಕ್ಷಸನ ತಲೆ. ಅದನ್ನ ಯಾರು ಕೇಳ್ತಾರಮ್ಮ!" ಆಮೇಲೆ ನಗು ನುಂಗಿ ಓಣಿಯ ತುದಿಯತ್ತ ನೋಡಿದ.

ಅಲ್ಲಿ ಪಿಟೀಲಜ್ಜಿಯ ಅಂಗಡಿ. ಪಿಟೀಲು ಮಾಡುವ ಈ ಅಜ್ಜಿ ಅಂತ್ಯಕ್ರಿಯೆಗೆ ಬಂದಿರಲಿಲ್ಲ. ಮೊಳೆಯಲ್ಲಿ ನೀಲಿ ಬಣ್ಣ ಮೆತ್ತಿದ ಕೀಲಿಯಿತ್ತು.

"ಕೀಲಿ ಕೊಡಿ ಅಜ್ಜಿ."

ಅವಳು ತಲೆ ಎತ್ತಲಿಲ್ಲ. "ಅವತ್ತು ಅವನೂ ಹಾಗೇ ಕೇಳ್ದ. ನೋಡಿ ಚಿತ್ರ ಬರೆಯೋಕೆ ನನ್ನ ಪಿಟೀಲಿನ ಅಚ್ಚು ಒಯ್ದಿದ್ದ. ಆಚೆ ಬರುವಾಗ ಮರೆತು ಬಾಗಿಲು ಎಳೆದುಬಿಟ್ಟಿದ್ದ, ತಾನಾಗೇ ಬೀಗ ಬಿದ್ದಿತ್ತು. 'ಅಚ್ಚು ತಾ, ಕೀಲಿ ಒಯ್ಯಿ' ಅಂದೆ. ತಮಾಷೆಗೆ ಮಗಳೇ. ಅವನೂ ನಗ್ತಾನೇ ಹೋದ."

"ಕುಡಿದಿದ್ನಾ?"

"ನಾನು ಕೊಟ್ಟ ನೀರು ಕುಡ್ದಿದ್ದ."

ಗೋಡೆ ಗಡಿಯಾರದಲ್ಲಿ ಹನ್ನೊಂದಕ್ಕೆ ಹತ್ತು ನಿಮಿಷ. ಆ ಅಚ್ಚು ಅವಳ ಅಪ್ಪ ಕೊರೆದದ್ದು. ಅದಿಲ್ಲದೆ ಅವಳ ಕೈಯಲ್ಲಿ ಪಿಟೀಲು ಆಗುವುದಿಲ್ಲ. ಗುಜರಿಯವನಿಗೆ ಅದು ಸೌದೆ.

"ಅಚ್ಚು ಕೇಳೋಕೆ ಯಾಕೆ ಬರ್ಲಿಲ್ಲ?"

"ಯಾವ ಮುಖ ಇಟ್ಕೊಂಡು ಬರ್ಲಿ?"

ಅವಳು ಎದ್ದು ಕೀಲಿಯನ್ನು ಮೊಳೆಯಿಂದ ಬಿಡಿಸಿ ನನ್ನ ಕೈಗಿಟ್ಟಳು. ವಸ್ತು ಬರುವ ಮೊದಲೇ ಕೊಟ್ಟ ಕೀಲಿ ಅದು. ಗಾಡಿ ಬಂದು ಅಚ್ಚನ್ನೂ ಒಯ್ಯಲಿ ಎಂದು ನಾನು ಅಲ್ಲೇ ಕೂರಬಹುದಿತ್ತು. ಒಂದೆರಡು ನಿಮಿಷ ಕೂತೆ ಕೂಡ. ಆಮೇಲೆ ಓಡಿದೆ.

ಮೈದುನನ ಕೈಯಲ್ಲಿ ಸುತ್ತಿಗೆಯಿತ್ತು. ಅವನನ್ನು ಸರಿಸಿ ಬಾಗಿಲು ತೆಗೆದೆ. ಅಚ್ಚು ಕಿಟಕಿಯ ಬಳಿಯ ಸ್ಟೂಲಿನ ಮೇಲಿತ್ತು. ಎದುರಿಗೆ ಅರ್ಧ ಬರೆದ ಚಿತ್ರ.

"ಒಳಗಿರೋದೆಲ್ಲ ಸೇರಿ ಅಂತ ಮಾತಾಗಿದೆ," ಎಂದ ಗುಜರಿಯವನು.

"ಇದು ನಮ್ಮದಲ್ಲ." ಮೈದುನನ ಕಡೆ ತಿರುಗಿದೆ. "ನಿಮ್ಮಣ್ಣ ಕುಡಿದಿರಲಿಲ್ಲ. ಕೀಲಿ ಇರಲಿಲ್ಲ, ಅಷ್ಟೇ."

ಅವನು ಸುತ್ತಿಗೆಯನ್ನು ಮೆಲ್ಲಗೆ ನೆಲಕ್ಕಿಟ್ಟ.

ಅಚ್ಚನ್ನು ಅಜ್ಜಿಯ ಮಡಿಲಲ್ಲಿಟ್ಟೆ. ಅಂಚಿನಲ್ಲಿ ನನ್ನ ಗಂಡನ ಹೆಬ್ಬೆರಳಿನ ನೀಲಿ ಗುರುತು. ಬಟ್ಟೆ ಹಿಡಿದ ಅವಳ ಕೈ ಅಲ್ಲಿಗೆ ಹೋಗಿ ನಿಂತಿತು. ನನ್ನನ್ನು ನೋಡಿದಳು.

"ಒರೆಸಿ ಅಜ್ಜಿ," ಎಂದೆ. "ಬಿಟ್ರೆ ಬಣ್ಣ ಮರಕ್ಕೆ ಇಳಿಯುತ್ತೆ."