ಬಟ್ಟೆಯ ಬಾಯಿ

ಅವಳ ಪೆಟ್ಟಿಗೆಗೆ ಬೀಗವಿರಲಿಲ್ಲ. ಅದೂ ಅವನಿಗೆ ಸೊಕ್ಕಿನಂತೆಯೇ ಕಂಡಿತು.

ಮಕ್ಕಳು ಬರುವುದಕ್ಕೆ ಇನ್ನೂ ಹೊತ್ತಿತ್ತು. ಅವನು ಮುಚ್ಚಳ ತೆಗೆದ. ನೋಡುವುದರಲ್ಲಿ ತಪ್ಪೇನು, ಕೋಣೆ ತನ್ನದೇ ಎಂದುಕೊಂಡ. ಓದು ತಡವಾಗುವ, ಮಾತು ತಡವಾಗುವ ಮಕ್ಕಳಿಗೆ ಇಂಗ್ಲಿಷ್ ಕಲಿಸಲೆಂದು ಶಾಲೆ ಈ ಕೋಣೆಯನ್ನು ಬಿಟ್ಟುಕೊಟ್ಟಾಗ ಇಲ್ಲಿ ಮುರಿದ ಬೆಂಚುಗಳೂ ಇಲಿಗಳೂ ಇದ್ದವು. ಅವೆರಡನ್ನೂ ಹೊರಗೆ ಹಾಕಿಸಿದವನು ಅವನು. ಒಂದು ಟ್ಯೂಬ್‌ಲೈಟಿಗಾಗಿ ಚಪ್ಪಲಿ ಸವೆಯುವಂತೆ ಆಫೀಸಿಗೆ ಅಲೆದವನೂ ಅವನೇ. ಅವಳು ಬಂದದ್ದು ಹೋದ ವರ್ಷ, ಬೆಳಕಿರುವ ಕೋಣೆಗೆ.

ಮಕ್ಕಳು ಅವಳನ್ನು ಗುಂಡಿ ಮಿಸ್ ಎನ್ನುತ್ತಿದ್ದರು. ಬಟ್ಟೆಯ ಮೇಲೆ ಗುಂಡಿಗಳನ್ನು ಹೊಲಿದು ಇಂಗ್ಲಿಷ್ ಅಕ್ಷರ ಮಾಡುತ್ತಿದ್ದಳು. ಮಕ್ಕಳು ಬೆರಳಾಡಿಸಿ ಓದುತ್ತಿದ್ದರು. ಗುಂಡಿ ಎಂದರೆ ಅಂಗಿಗೆ ಹಾಕುವುದೂ ಹೌದು, ನೆಲದಲ್ಲಿ ತೋಡುವುದೂ ಹೌದು, ಎರಡನೆಯದು ನನಗಾಗಿ ಎಂದು ಅವನು ಒಮ್ಮೆ ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡಿದ್ದ. ಯಾರೂ ನಗಲಿಲ್ಲ. ಡ್ರಾಯಿಂಗ್ ಮೇಷ್ಟ್ರು ಅವನ ಮುಖವನ್ನೇ ನೋಡಿ, ಟೀ ಆರುತ್ತಿದೆ ಎಂದರು.

ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಅದಕ್ಕೆ ಬೇರೆ ಹೆಸರಿಡಲು ನೋಡಿದ್ದ: ಮಕ್ಕಳ ಹಿತ, ಶಿಸ್ತು, ಹಿರಿತನ. ಯಾವ ಹೆಸರೂ ಬಹಳ ದಿನ ಬಾಳಲಿಲ್ಲ. ತನ್ನ ಹೊಟ್ಟೆಕಿಚ್ಚು ತನಗೆ ಚೆನ್ನಾಗಿ ಗೊತ್ತಿದೆ ಎಂಬುದೊಂದೇ ಓದಿದವನಿಗಿದ್ದ ಸಮಾಧಾನ. ಗೊತ್ತಿದ್ದ ಮಾತ್ರಕ್ಕೆ ಉರಿ ಕಡಿಮೆಯಾಗಲಿಲ್ಲ.

ಇಂದು ಇಲಾಖೆಯವರು ಬರುವವರಿದ್ದರು. ಇಂಥ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಸಾಮಗ್ರಿಯ ಪೆಟ್ಟಿಗೆಯೊಂದನ್ನು ಆರಿಸಿ, ಅದೇ ಮಾದರಿಯಲ್ಲಿ ಎಲ್ಲ ಶಾಲೆಗಳಿಗೂ ಮಾಡಿಸಿ ಕಳಿಸುತ್ತಾರಂತೆ. ಮುಚ್ಚಳದ ಮೇಲೆ ಮಾಡಿದವರ ಹೆಸರಿರುತ್ತದಂತೆ. ಹೆಡ್ ಮೇಡಂ ಇದನ್ನು ಹೇಳಿದಾಗ ಆ ಹೆಸರು ಯಾರದೆಂದು ಅವನಿಗೆ ಅನುಮಾನವೇ ಹುಟ್ಟಿರಲಿಲ್ಲ. ಆಮೇಲೆ ಅವರು ಕನ್ನಡಕ ಒರೆಸುತ್ತ, ಇಬ್ಬರೂ ತೋರಿಸಿ ಎಂದಿದ್ದರು.

ಅವನದು ಮುಖದ ಕಾರ್ಡುಗಳು. ಹ್ಯಾಪಿ, ಸ್ಯಾಡ್, ಆಂಗ್ರಿ, ಟೈಯರ್ಡ್. ಎಲ್ಲದರಲ್ಲೂ ಅವನದೇ ಮುಖ. ಬರೆದ ಚಿತ್ರಕ್ಕಿಂತ ನಿಜವಾದ ಮುಖ ಮೇಲು ಎಂದು ಎಲ್ಲೋ ಓದಿ, ಒಂದು ಭಾನುವಾರ ಹೆಂಡತಿಯ ಕೈಗೆ ಕ್ಯಾಮೆರಾ ಕೊಟ್ಟು ಗೋಡೆಗೆ ಒರಗಿ ನಿಂತಿದ್ದ. ಸ್ಯಾಡ್ ಬೇಗ ಮುಗಿಯಿತು. ಆಂಗ್ರಿಗೆ ಅವಳು, ಹಾಗೇ ಇರಿ ಸಾಕು ಎಂದಳು. ಹ್ಯಾಪಿಗೆ ಮಾತ್ರ ಮಧ್ಯಾಹ್ನ ದಾಟಿತು. ಜೆಲಸ್ ಎಂಬುದನ್ನೂ ಸೇರಿಸಬೇಕೆಂದಿದ್ದವನು ಬಿಟ್ಟುಬಿಟ್ಟ. ಕನ್ನಡದಲ್ಲಿ ಅದು ಹೊಟ್ಟೆಯಲ್ಲಿರುತ್ತದೆ. ಹೊಟ್ಟೆಯ ಫೋಟೋ ತೆಗೆದು ಮಕ್ಕಳಿಗೆ ತೋರಿಸುವುದೇನು?

ಆ ಕಾರ್ಡುಗಳನ್ನು ವರ್ಷಗಟ್ಟಲೆ ಗುಬ್ಬಿಯ ಮುಂದೆ ಹಿಡಿದಿದ್ದ. ಗುಬ್ಬಿ ಮಾತಾಡದ ಹುಡುಗಿ. ಮನೆಯಲ್ಲಿ ಕರೆಯುವ ಹೆಸರೇ ಶಾಲೆಯಲ್ಲೂ ನಿಂತಿತ್ತು. ಅವಳು ಕಾರ್ಡನ್ನು ನೋಡುತ್ತಿರಲಿಲ್ಲ, ಕಾರ್ಡಿನ ಪಕ್ಕಕ್ಕೆ ನೋಡುತ್ತಿದ್ದಳು. ಅವನನ್ನು ನೋಡುವುದೂ ಹಾಗೆಯೇ, ಕಿವಿಯ ಪಕ್ಕದ ಗಾಳಿಯನ್ನು. ಎಂದಾದರೂ ಒಂದು ದಿನ ಅವಳ ಬಾಯಿಂದ ಒಂದು ಪದ ತನ್ನ ಕಡೆಗೆ ಬಂದೀತೆಂದು ಅವನು ಕಾದಿದ್ದ. ಈ ಕಾಯುವಿಕೆಯನ್ನು ಹೆಂಡತಿಗೂ ಹೇಳಿರಲಿಲ್ಲ.

ಗುಂಡಿ ಮಿಸ್ ಬಂದ ಹೊಸದರಲ್ಲೇ, ಕಾರ್ಡಿನ ಪ್ಲಾಸ್ಟಿಕ್ಕಿನ ಮೇಲೆ ಲೈಟು ಬಿದ್ದು ಹೊಳೆಯುತ್ತದಲ್ಲ ಸಾರ್, ಅದಕ್ಕೇ ಗುಬ್ಬಿ ನೋಡುವುದಿಲ್ಲವೇನೋ ಎಂದಿದ್ದಳು. ನೋಡೋಣ ಎಂದು ಅವನು ಸುಮ್ಮನಾದ. ಅವಳು ಸುಮ್ಮನಾಗಲಿಲ್ಲ, ಹೊಳೆಯದ ಬಟ್ಟೆಯಲ್ಲಿ ಒಂದು ಮುಖ ಹೊಲಿದಳು. ಗುಬ್ಬಿ ಅದರ ಮುಂದೆ ಕೂತು ಹ್ಯಾಪಿ ಎಂದಳೆಂಬ ಸುದ್ದಿ ಅವನಿಗೆ ತಲುಪಿದ್ದು ಕಾರಿಡಾರಿನಲ್ಲಿ, ಊಟದ ಡಬ್ಬಿ ತೊಳೆದು ಬರುತ್ತಿದ್ದಾಗ. ಹೆಡ್ ಮೇಡಂ ಅಳುತ್ತಿದ್ದರು. ಅವನೂ ಕಣ್ಣೊರೆಸಿಕೊಂಡ. ಇಬ್ಬರ ಕಾರಣವೂ ಒಂದೇ ಎಂದು ಅವರು ತಿಳಿದರು.

ಆ ಮುಖವೇ ಈಗ ಪೆಟ್ಟಿಗೆಯಲ್ಲಿತ್ತು. ಕಣ್ಣಿಗೆರಡು ಗುಂಡಿ, ಮೂಗಿಗೊಂದು. ಬಾಯಿಯ ಜಾಗದಲ್ಲಿ ಬರೀ ಅಂಟುಪಟ್ಟಿ. ಬಾಯಿಗಳು ಬೇರೆ, ಒಂದೊಂದು ಭಾವಕ್ಕೆ ಒಂದೊಂದು. ಚರ್ರೆಂದು ಕಿತ್ತು ಇನ್ನೊಂದು ಹಚ್ಚಬಹುದು. ತುದಿ ಕೆಳಗಿಳಿದ ನೀಲಿ ಬಾಯಿ ಸ್ಯಾಡ್, ನೆಟ್ಟಗಿನ ಕಪ್ಪು ಬಾಯಿ ಆಂಗ್ರಿ, ತುದಿ ಮೇಲೆದ್ದ ಕೆಂಪು ಬಾಯಿ ಹ್ಯಾಪಿ.

ಕೆಂಪನ್ನು ಕೈಗೆತ್ತಿಕೊಂಡ. ಬಟ್ಟೆ ಗುರುತಿನದು. ಸಾಸಿವೆಯಷ್ಟು ಬಿಳಿ ಚುಕ್ಕೆಗಳು. ಹೆಂಡತಿಗೆ ಫೋನ್ ಮಾಡಿ, ಮದುವೆಯ ಹೊಸದರಲ್ಲಿ ನೀನು ಹೊಲಿದುಕೊಟ್ಟ ಕೆಂಪು ಅಂಗಿ ಎಲ್ಲಿ ಎಂದು ಕೇಳಿದ.

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. "ತುಂಡು ಬಟ್ಟೆ ಇದ್ರೆ ಕೊಡಿ ಅಂತ ನಿಮ್ಮ ಮಿಸ್ ಕೇಳಿದ್ರು. ಅದರ ಜೊತೆ ಹೋಯ್ತು."

"ನನ್ನ ಒಂದು ಮಾತು ಕೇಳಬಹುದಿತ್ತು."

"ಯಾಕೆ, ಹಾಕ್ಕೊಳ್ತಿದ್ರಾ?"

ಒಳ್ಳೇ ಹುಡುಗಿ, ಕೈ ಬಹಳ ಚುರುಕು ಎಂದು ಅವಳು ಹೊಗಳಲು ಶುರುಮಾಡುವಷ್ಟರಲ್ಲಿ ಕ್ಲಾಸಿದೆ ಎಂದು ಫೋನಿಟ್ಟ.

ಅಂದಮೇಲೆ ಇದು ತನ್ನದು. ತನ್ನದನ್ನು ತಾನು ತೆಗೆದುಕೊಂಡರೆ ಕಳ್ಳತನವಲ್ಲ. ವಾದ ಎಷ್ಟು ಸಲೀಸಾಗಿ ಒದಗಿತೆಂದರೆ ಅವನಿಗೇ ನಾಚಿಕೆಯಾಯಿತು. ನಾಚಿಕೆಪಡುತ್ತಲೇ ನಗುವ ಬಾಯಿಯನ್ನು ಪ್ಯಾಂಟಿನ ಜೇಬಿಗೆ ತುರುಕಿ ಪೆಟ್ಟಿಗೆ ಮುಚ್ಚಿದ.

ಇಲಾಖೆಯವರು ಹೇಳಿದ ಹೊತ್ತಿಗೆ ಬರಲಿಲ್ಲ, ಬಂದಾಗ ಅವಸರದಲ್ಲಿದ್ದರು. ಮಾತಾಡುವವರು ಒಬ್ಬರೇ, ದಪ್ಪ ಕನ್ನಡಕದ ಹಿರಿಯರು. ಜೊತೆಗೆ ಬಂದ ಇಬ್ಬರ ಕೆಲಸ, ಅವರು ನಕ್ಕಾಗ ನಗುವುದು. ಕೋಣೆಯಲ್ಲಿ ದೊಡ್ಡವರಿಗೆ ಇದ್ದ ಕುರ್ಚಿಗಳೆಲ್ಲ ಅವರಿಗೇ ಆದವು. ಅವನು ಮಕ್ಕಳ ಪುಟ್ಟ ಕುರ್ಚಿಯೊಂದರಲ್ಲಿ ಮೊಣಕಾಲು ಎದೆಗೆ ಬರುವಂತೆ ಮಡಚಿಕೊಂಡು ಕೂತ.

"ಮೊದಲು ಸಾರ್‌ದು ನೋಡಿ," ಎಂದಳು ಗುಂಡಿ ಮಿಸ್. "ನಾನು ಇವರನ್ನ ನೋಡ್ಕೊಂಡೇ ಶುರು ಮಾಡಿದ್ದು."

ಅವಳ ದನಿಯಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಇದ್ದಿದ್ದರೆ ಅವನು ಸ್ವಲ್ಪ ಉಸಿರಾಡಬಹುದಿತ್ತು.

ಅವನು ಉದ್ದನೆಯ ಹುಡುಗನೊಬ್ಬನನ್ನು ಕರೆದ. ಕಾರ್ಡುಗಳನ್ನು ಅದೇ ಕ್ರಮದಲ್ಲಿ ಒಂದಾದಮೇಲೊಂದು ಹಿಡಿದರೆ ಹುಡುಗ ದಿನವೂ ತಪ್ಪಿಲ್ಲದೆ ಹೇಳುತ್ತಿದ್ದ. ಆದರೆ ಹಿರಿಯರು ಕಾರ್ಡುಗಳನ್ನು ತಾವೇ ತೆಗೆದುಕೊಂಡು ಇಸ್ಪೀಟಿನ ಎಲೆಯಂತೆ ಕಲಸಿಬಿಟ್ಟರು. ಅಲ್ಲಿಗೆ ಕೆಲಸ ಕೆಟ್ಟಿತು.

"ಇದೇನು ಮರಿ?"

ಹುಡುಗ ಕಾರ್ಡನ್ನು ನೋಡಿದ, ಕುರ್ಚಿಯಲ್ಲಿದ್ದ ಅವನನ್ನು ನೋಡಿದ. "ಸಾರ್."

"ಇದು?"

"ಸಾರ್."

"ಮತ್ತೆ ಇದು?"

"ಅದೂ ಸಾರೇ," ಎಂದ ಹುಡುಗ. ಇಷ್ಟು ದೊಡ್ಡವರಿಗೆ ಇಷ್ಟೂ ಗೊತ್ತಾಗುವುದಿಲ್ಲವಲ್ಲ ಎಂದು ಹುಡುಗನಿಗೆ ಬೇಸರವಾಗಿತ್ತು.

ಹುಡುಗ ಸುಳ್ಳೇನೂ ಹೇಳುತ್ತಿಲ್ಲ ಎಂದು ಹಿರಿಯರು ನಕ್ಕರು. ಜೊತೆಗೆ ಬಂದ ಇಬ್ಬರೂ ನಕ್ಕರು. ಅವನೂ ನಕ್ಕ, ಎಲ್ಲರಿಗಿಂತ ಒಂದು ಕ್ಷಣ ಹೆಚ್ಚು. ತಾನು ಇಷ್ಟು ವರ್ಷ ಕಲಿಸಿದ ಇಂಗ್ಲಿಷೆಲ್ಲ ತನ್ನ ಹೆಸರೂ ಅಲ್ಲದ ಆ ಒಂದು ಪದಕ್ಕೆ ಬಂದು ನಿಂತಿತಲ್ಲ ಎಂದು ಒಳಗೇ ಅನಿಸಿತು. ಕಿಟಕಿಯ ಹತ್ತಿರ ಗುಬ್ಬಿ ಎಲ್ಲಿಗೋ ನೋಡುತ್ತ ಕೂತಿದ್ದಳು.

ಗುಂಡಿ ಮಿಸ್ ಬಟ್ಟೆಯ ಮುಖವನ್ನು ಮೇಜಿನ ಮೇಲೆ ನಿಲ್ಲಿಸಿದ ಕೂಡಲೇ ಗುಬ್ಬಿ ಎದ್ದು ಬಂದಳು. ಯಾರೂ ಕರೆದಿರಲಿಲ್ಲ. ಮಿಸ್ ಆಂಗ್ರಿ ಎಂದಳು. ಗುಬ್ಬಿ ಕಪ್ಪು ಬಾಯಿ ಹಚ್ಚಿದಳು. ಮಿಸ್ ಸ್ಯಾಡ್ ಎಂದಳು, ಗುಬ್ಬಿ ಕಪ್ಪನ್ನು ಕಿತ್ತು ನೀಲಿಯನ್ನು ಹಚ್ಚಿದಳು. ಹಿರಿಯರು ಕುರ್ಚಿಯನ್ನು ಮುಂದೆ ಎಳೆದುಕೊಂಡರು.

"ಈಗ ಹ್ಯಾಪಿ."

ಗುಬ್ಬಿಯ ಕೈ ಪೆಟ್ಟಿಗೆಗೆ ಹೋಯಿತು. ತಡಕಿತು. ಬರಿಗೈ ಹೊರಗೆ ಬಂತು. ಮಿಸ್ ತಾನೂ ಹುಡುಕಿದಳು, ಪೆಟ್ಟಿಗೆಯನ್ನು ಮೇಜಿನ ಮೇಲೆ ಸುರಿದಳು. ಗುಂಡಿಗಳು ಉರುಳಿ ಇಲಾಖೆಯವರ ಬೂಟಿನ ಕೆಳಗೆ ಹೋದವು. ನಿನ್ನೆ ನಾನೇ ಇಟ್ಟಿದ್ದೆ ಎಂದಳು, ಮತ್ತೆ ಅದನ್ನೇ ಹೇಳಿದಳು. ಅವಳ ಕತ್ತು ಕೆಂಪೇರುವುದನ್ನು ಅವನು ನೋಡಿದ. ಬಹಳ ದಿನಗಳ ಮೇಲೆ ಅವನಿಗೆ ಖುಷಿಯಾಯಿತು. ಒಳ್ಳೆಯ ಖುಷಿಯಲ್ಲ, ಆದರೆ ಖುಷಿಯೇ. ಹಸಿದವನಿಗೆ ಹಳಸಿದ್ದೂ ಅನ್ನವೇ.

ಇರಲಿ ಬಿಡಿ, ಅರ್ಥವಾಯಿತು ಎನ್ನುತ್ತ ಹಿರಿಯರು ಗಡಿಯಾರ ನೋಡಿಕೊಂಡರು.

ಆಗ ಗುಬ್ಬಿ ಮುಖದಿಂದ ನೀಲಿ ಬಾಯಿಯನ್ನು ಚರ್ರೆಂದು ಕಿತ್ತಳು. ಅಂಗೈಯಲ್ಲಿಟ್ಟುಕೊಂಡು ನೋಡಿದಳು. ತಲೆಕೆಳಗು ಮಾಡಿ ಮತ್ತೆ ಅಲ್ಲೇ ಹಚ್ಚಿ, ಎರಡೂ ತುದಿಗಳನ್ನು ಬೆರಳಿನಿಂದ ಒತ್ತಿದಳು. ಇಳಿದಿದ್ದ ತುದಿಗಳು ಮೇಲೆದ್ದು ಮುಖ ನಗುತ್ತಿತ್ತು.

"ಹ್ಯಾಪಿ," ಎಂದಳು.

ಇದನ್ನು ಯಾರು ಕಲಿಸಿದ್ದು ಎಂದು ಹಿರಿಯರು ಕೇಳಿದರು. ಯಾರೂ ಕಲಿಸಿಲ್ಲ ಎಂದಳು ಮಿಸ್. ಇದೇ ಪೆಟ್ಟಿಗೆ, ಇನ್ನೇನು ನೋಡುವುದಿದೆ, ಹೆಸರು ಬರೆದುಕೊಳ್ಳಿ ಎಂದು ಹಿರಿಯರು ಜೊತೆಗಿದ್ದವರಿಗೆ ಹೇಳಿದರು. ಹೆಡ್ ಮೇಡಂ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು.

ಅವನು ಹಾಳು ಮಾಡಲು ಹೋಗಿದ್ದೇ ಅವಳಿಗೆ ಕಿರೀಟವಾಯಿತು. ಕೆಂಪು ಬಾಯಿ ಪೆಟ್ಟಿಗೆಯಲ್ಲೇ ಇದ್ದಿದ್ದರೆ ಗುಬ್ಬಿ ಅದನ್ನು ಹಚ್ಚುತ್ತಿದ್ದಳು, ಇವರು ಭೇಷ್ ಎಂದು ಎದ್ದುಹೋಗುತ್ತಿದ್ದರು. ಹೊಟ್ಟೆಯೊಳಗಿನ ಉರಿ ಗಂಟಲಿಗೆ ಬಂತು. ಅವನು ಚಪ್ಪಾಳೆ ತಟ್ಟುತ್ತ ನಗುತ್ತಿದ್ದ. ಹಲ್ಲು ಕಾಣುವಂತೆ, ಕೆನ್ನೆ ನೋಯುವಂತೆ ನಗುತ್ತಿದ್ದ.

ಗುಬ್ಬಿ ತಿರುಗಿದಳು. ಚಪ್ಪಾಳೆಗಳ ನಡುವೆ ನೇರ ಅವನ ಕಡೆಗೆ ನಡೆದು ಬಂದಳು. ಪುಟ್ಟ ಕುರ್ಚಿಯಲ್ಲಿ ಕೂತವನ ಮುಖ ಅವಳ ಮುಖಕ್ಕೆ ಸಮವಾಗಿತ್ತು. ಅವಳು ಕಿವಿಯ ಪಕ್ಕದ ಗಾಳಿಯನ್ನು ನೋಡಲಿಲ್ಲ. ಅವನನ್ನು ನೋಡಿದಳು, ಎವೆಯಿಕ್ಕದೆ, ಅಂಗೈಯಲ್ಲಿಟ್ಟುಕೊಂಡ ನೀಲಿ ಬಾಯಿಯನ್ನು ನೋಡಿದಷ್ಟೇ ಗಮನವಿಟ್ಟು.

"ಸ್ಯಾಡ್," ಎಂದಳು.

ಅವಳು ಅವನಿಗೆ ಹೇಳಿದ ಮೊದಲನೆಯ ಪದ ಅದು.

"ಇಲ್ಲಮ್ಮ, ನಗ್ತಿದ್ದಾರೆ ನೋಡು," ಎಂದು ಹಿರಿಯರು ತಿದ್ದಿದರು. "ಸಾರ್ ಹ್ಯಾಪಿ."

ಗುಬ್ಬಿ ಅಲ್ಲವೆಂದು ತಲೆಯಾಡಿಸಿದಳು. ಎರಡು ಬೆರಳುಗಳನ್ನು ಅವನ ತುಟಿಯ ಎರಡು ತುದಿಗಳಿಗೆ ಇಟ್ಟಳು. ಉಗುರು ಚರ್ಮಕ್ಕೆ ಸಿಕ್ಕಿತು. ಕೀಳಲು ನೋಡಿದಳು, ಬರಲಿಲ್ಲ. ಕೀಳುವುದನ್ನು ಬಿಟ್ಟು, ನೀಲಿ ಬಾಯಿಯನ್ನು ಮಾಡಿದಂತೆ ತಲೆಕೆಳಗಾಗಿ ತಿರುಗಿಸತೊಡಗಿದಳು.

ನೋಡುತ್ತಿದ್ದವರು ನಕ್ಕರು. ಅವರು ನಗುತ್ತಿರುವವರೆಗೆ ತಾನೂ ನಗಬೇಕಲ್ಲ ಎಂದು ಅವನು ನಗುವನ್ನು ಹಾಗೆಯೇ ಹಿಡಿದಿಟ್ಟುಕೊಂಡ. ತುಟಿ ತಿರುಗಲಿಲ್ಲ, ತಲೆ ತಿರುಗಿತು. ಅವನ ಕಿವಿ ಭುಜಕ್ಕೆ ತಾಗಿತು. ಅವನ ಕಣ್ಣಿಗೆ ಬಾಗಿಲು ಅಡ್ಡ ಮಲಗಿತು. ಗುಂಡಿ ಮಿಸ್, ಹೆಡ್ ಮೇಡಂ, ಇಲಾಖೆಯವರು ಗೋಡೆಗೆ ಮೊಳೆ ಹೊಡೆದಂತೆ ಅಡ್ಡಡ್ಡ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಕುರ್ಚಿಯ ಒಂದು ಕಾಲು ನೆಲ ಬಿಟ್ಟಿತು. ಗುಬ್ಬಿ ಅವನ ಬಾಯಿಯನ್ನು ನೋಡಿದಳು. ಅದು ಇನ್ನೂ ನಗುತ್ತಲೇ ಇತ್ತು. ಅವಳು ಬೆರಳು ಬಿಗಿಹಿಡಿದು ಮತ್ತಷ್ಟು ತಿರುಗಿಸಿದಳು.