ಎರಡು ಇಂಚು ಸಡಿಲ

ಬ್ಲೌಸ್ ಹೊಲಿಯುವವಳಿಗೆ ಊರ ಹೆಂಗಸರ ವಿಷಯ ಡಾಕ್ಟರಿಗಿಂತ ಮೊದಲೇ ಗೊತ್ತಾಗುತ್ತದೆ. ಯಾರಿಗೆ ತಿಂಗಳು ನಿಂತಿದೆ, ಯಾರು ಊಟ ಬಿಟ್ಟು ಸೊರಗಿದ್ದಾರೆ, ಯಾರ ತೋಳಿನ ಮೇಲೆ ಏಟಿನ ಕಲೆ ಇದೆ, ಎಲ್ಲವನ್ನೂ ಟೇಪು ಹೇಳಿಬಿಡುತ್ತದೆ. ತಿಪಟೂರಿನಲ್ಲಿ ಇಪ್ಪತ್ತಾರು ವರ್ಷ ಹೊಲಿದಿದ್ದೇನೆ. ಅಳತೆ ತೆಗೆಯುವ ಪರದೆಯ ಒಳಗೆ ಕಂಡದ್ದನ್ನು ಪರದೆಯ ಆಚೆ ಒಂದು ದಿನವೂ ಆಡಿದವಳಲ್ಲ. ಈ ನಸೀಮ್ ಬಾನು ಅಂಗಡಿಗೆ ಹೆಂಗಸರು ಹುಡುಕಿಕೊಂಡು ಬರುತ್ತಿದ್ದದ್ದು ಹೊಲಿಗೆಗಿಂತ ಹೆಚ್ಚಾಗಿ ಈ ಗುಣಕ್ಕೆ. ಅದನ್ನು ನಾನೇ ಮರೆತೆ.

ಮರೆಸಿದವನು ಯೋಗೀಶ್. ನಮ್ಮ ಸಾಲಿನಲ್ಲೇ ಅವನ ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬಕ್ಕೂ ಶ್ರದ್ಧಾಂಜಲಿಗೂ ಅದೇ ಗುಲಾಬಿ ಹೂವು ಹಾಕಿ ಪ್ರಿಂಟು ಕೊಡುತ್ತಿದ್ದವನು ಒಂದು ದಿನ ಬೋರ್ಡು ಬದಲಾಯಿಸಿ ಡಿಜಿಟಲ್ ಮಾರ್ಕೆಟಿಂಗ್‌ನವನಾದ. ಅದೇ ಹೊತ್ತಿಗೆ ಬಸ್ ಸ್ಟ್ಯಾಂಡ್ ಹತ್ತಿರ ಎರಡು ಬೊಟಿಕ್ ತೆರೆದು, ನನ್ನ ಅಂಗಡಿಯಲ್ಲಿ ಮಷೀನಿಗಿಂತ ಫ್ಯಾನಿನ ಸದ್ದೇ ಜಾಸ್ತಿಯಾಗಿತ್ತು.

"ನಸೀಮಕ್ಕ, ನಿಮ್ಗೆ ಕೈ ಐತೆ, ಬಾಯೇ ಇಲ್ಲ ಕಣ್ರೀ," ಅಂದ. "ಕಸ್ಟಮರ್ ಜೊತೆ ದಿನಾ ಮಾತಾಡ್ತಾ ಇರ್ಬೇಕು. ಬೆಳಗ್ಗೆ ಒಂದು ಸ್ಟೇಟಸ್, ದಿನಕ್ಕೊಂದು ರೀಲ್, ಯಾರು ಕೇಳಿದ್ರೂ ಐದು ನಿಮಿಷದಲ್ಲಿ ರಿಪ್ಲೈ. ಎಲ್ಲಾ ನಂಗೆ ಬುಡಿ."

ಬಿಟ್ಟೆ. ಕತ್ತರಿ ಆಡುವುದು, ಲೇಸು ಕೂರಿಸುವುದು ಅಂತ ಒಂದು ತಿಂಗಳು ರೀಲ್ ಮಾಡಿದ. ನೋಡಿದವರು ನನ್ನ ನಾದಿನಿ ಮತ್ತು ಅವನ ಹೆಂಡತಿ. "ಬರೀ ಬಟ್ಟೆ ಯಾರು ನೋಡ್ತಾರಕ್ಕ? ಮೊದ್ಲು ಒಂದು ತೊಂದ್ರೆ ತೋರಿಸ್ಬೇಕು, ಆಮೇಲೆ ನೀವು ಅದನ್ನ ಸರಿ ಮಾಡೋದು ತೋರಿಸ್ಬೇಕು," ಅಂದ.

ತೊಂದರೆ ತಾನಾಗಿ ಬಾಗಿಲಿಗೆ ಬಂತು. ಹಾಲ್ಕುರಿಕೆಯ ತೆಂಗಿನ ತೋಟದ ಮನೆಯ ಗಿರಿಜಾಂಬಿಕಾ ನನ್ನ ಮೊದಲ ಗಿರಾಕಿಗಳಲ್ಲಿ ಒಬ್ಬರು. ಅವರ ಮಗಳು ಗಾನವಿಯ ಮದುವೆ ಬ್ಲೌಸೂ ನನ್ನ ಕೈಯದೇ. ಬೆನ್ನ ಮೇಲೆ ಹೊಂಬಾಳೆ ಅರಳಿದ ಹಾಗೆ ಇರಬೇಕು ಅನ್ನುವುದು ಗಿರಿಜಮ್ಮನ ಆಸೆ. ಹತ್ತು ದಿನ ಕೂತು ಜರಿಯಲ್ಲಿ ಎಸಳೆಸಳಾಗಿ ತುಂಬಿದ್ದೆ. ಅವರು ಹಿಗ್ಗಿಹೋಗಿ ಫೋಟೋ ತೆಗೆದು ತುರುವೇಕೆರೆಯ ಬೀಗರಿಗೆಲ್ಲ ಕಳಿಸಿದ್ದರು.

ಮದುವೆಗೆ ಹನ್ನೆರಡು ದಿನ ಇರುವಾಗ ಗಾನವಿ ಒಬ್ಬಳೇ ಬಂದಳು. ಪರದೆ ಎಳೆದುಕೊಂಡು ಬ್ಲೌಸ್ ಹಾಕಿ ತೋರಿಸಿದಳು. ಹುಕ್ಕುಗಳು ಎರಡು ಇಂಚು ದೂರ ನಿಂತಿದ್ದವು.

"ಉಬ್ಬಸ ಜೋರಾಗಿತ್ತು ಆಂಟಿ. ಡಾಕ್ಟ್ರು ಕೊಟ್ಟ ಮಾತ್ರೆಗೆ ಮೈಯೆಲ್ಲ ಊದ್ಕೊಂಡೈತೆ. ಹುಡುಗನ ಮನೇಲಿ ಉಬ್ಬಸದ ವಿಷ್ಯ ಹೇಳಿಲ್ಲ. ಮದ್ವೆ ಆದ್ಮೇಲೆ ನಾನೇ ಹೇಳ್ಬೇಕು ಅಂತ. ಅಲ್ಲೀಗಂಟ ನಿಮ್ಮಲ್ಲೇ ಇರ್ಲಿ."

"ನೀನು ನಿಮ್ಮಮ್ಮನ ಹೊಟ್ಟೇಲಿದ್ದಾಗ ಬ್ಲೌಸ್ ಬಿಚ್ಚಿ ದೊಡ್ಡದು ಮಾಡಿದೋಳೂ ನಾನೇ ಕಣಮ್ಮ. ಯಾರ ಹತ್ರನಾದ್ರೂ ಆಡಿದ್ನಾ?" ಅಂದೆ. ಅವಳು ನಕ್ಕು ಬ್ಲೌಸ್ ಕೊಟ್ಟು ಹೋದಳು.

ನಾನು ಯಾವತ್ತೂ ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟೇ ಹೊಲಿಯುತ್ತೇನೆ, ಮೈ ಬದಲಾದಾಗ ಬಿಚ್ಚಿಕೊಳ್ಳಲಿ ಅಂತ. ಆದರೆ ಹೊಂಬಾಳೆಯ ಎಸಳು ಪಕ್ಕದ ಹೊಲಿಗೆಯವರೆಗೂ ಹರಿದಿತ್ತು. ಜರಿಯ ಒಂದು ಎಳೆಯೂ ಕೀಳದ ಹಾಗೆ ಬಿಚ್ಚಿ, ಎರಡು ಇಂಚು ಬಿಟ್ಟು ಮತ್ತೆ ಕೂಡಿಸಿದೆ. ಬಸ್ ಸ್ಟ್ಯಾಂಡಿನ ಬೊಟಿಕ್‌ನವರ ಅಪ್ಪನ ಕೈಲೂ ಆಗದ ಕೆಲಸ ಅದು. ಯೋಗೀಶ್ ಬಂದದ್ದು ಆಗಲೇ. ನೋಡಿದವನೇ ಫೋನ್ ತೆಗೆದ.

ಬೇಡ ಅನ್ನಬಹುದಿತ್ತು. ಮುಖ ಇಲ್ಲ, ಹೆಸರಿಲ್ಲ, ಬರೀ ಬಟ್ಟೆ ತಾನೇ ಅಂದುಕೊಂಡೆ. ದಾರಿಯಲ್ಲಿ ಹೋಗುವ ಹೆಂಗಸನ್ನು ಬೆನ್ನ ಹೊಲಿಗೆ ನೋಡಿಯೇ ಇಂಥವಳು ಅಂತ ಹೇಳುವ ನನಗೇ ಆ ಮಂಕುಬುದ್ಧಿ ಬಂತು. ಅಷ್ಟಕ್ಕೇ ಸುಮ್ಮನಿರಲಿಲ್ಲ, ಜಂಬ ಮಾತಾಡಿಸಿತು. "ಮದ್ವೆಗೆ ಹನ್ನೆರಡೇ ದಿನ. ಹುಡುಗಿ ಮೈ ಎರಡು ಇಂಚು ಜಾಸ್ತಿ ಆಗೈತೆ. ಯೋಚ್ನೆ ಮಾಡ್ಬೇಡಿ, ನಮ್ಮಲ್ಲಿಗೆ ಬನ್ನಿ," ಅಂತ ಫೋನಿನ ಮುಂದೆ ಹೇಳಿದೆ. ಇಪ್ಪತ್ತಾರು ವರ್ಷ ಕಾಪಾಡಿದ್ದನ್ನು ಹದಿನೈದು ಸೆಕೆಂಡಿನಲ್ಲಿ ಮುಗಿಸಿದೆ.

ಯೋಗೀಶ್ ಅದರ ಮೇಲೆ "ಮದುವೆಗೆ ಮೊದಲೇ ಬ್ಲೌಸ್ ಟೈಟಾ?" ಅಂತ ಬರೆದು, ನಗುವ ಮುಖ ಅಂಟಿಸಿ ಬಿಟ್ಟ. ಮಾರನೇ ದಿನ ಸಂಜೆಗೆ ಎಂಬತ್ತು ಸಾವಿರ ಜನ ನೋಡಿದ್ದರು. ಕೆಳಗೆ ಬರೆದವರಲ್ಲಿ ಒಬ್ಬರೂ ಹೊಲಿಗೆಯ ಮಾತೆತ್ತಿರಲಿಲ್ಲ. ಎಷ್ಟನೇ ತಿಂಗಳು, ಸೀಮಂತಕ್ಕೂ ಇದೇ ಬ್ಲೌಸಾ, ಬರೀ ಇಂಥವೇ. ಓದಿದವಳೇ ಯೋಗೀಶನ ಅಂಗಡಿಗೆ ಓಡಿದೆ.

"ಅಳಿಸು," ಅಂದೆ.

"ಈಗ್ಲಾ ಅಕ್ಕ? ಈಗಷ್ಟೇ ಓಡ್ತಾ ಐತೆ."

ಬಾಯಿಗೆ ಬಂದ ಹಾಗೆ ಬೈದ ಮೇಲೆ ಅಳಿಸಿದ. ಅಷ್ಟರಲ್ಲಿ ಯಾರ್ಯಾರೋ ತಮ್ಮ ಫೋನಿಗೆ ಇಳಿಸಿಕೊಂಡಿದ್ದರು. ತುರುವೇಕೆರೆಯಲ್ಲಿ ಹುಡುಗನ ಸೋದರತ್ತೆ ಹೊಂಬಾಳೆಯ ಗುರುತು ಹಿಡಿದರು. ಗಿರಿಜಮ್ಮನೇ ಕಳಿಸಿದ ಫೋಟೋ ಅವರ ಫೋನಿನಲ್ಲಿತ್ತಲ್ಲ.

ಮೂರನೇ ದಿನ ಗಿರಿಜಮ್ಮ ಬಂದರು. ಕುರ್ಚಿ ಎಳೆದು ಕೊಟ್ಟರೂ ಕೂರಲಿಲ್ಲ.

"ಬೀಗ್ರು ಬಂದು ಬಸುರಿ ಅಂದ್ರು. ಅಲ್ಲ ಅನ್ನೋಕೆ ಉಬ್ಬಸದ ವಿಷ್ಯ ಬಾಯಿಬಿಡ್ಬೇಕಾಯ್ತು. ಡಾಕ್ಟ್ರ ಚೀಟಿ ಎಲ್ಲಾ ಮುಂದಿಟ್ಟೆ. ಇದನ್ನ ಮುಚ್ಚಿಟ್ಟೋರು ಅದನ್ನ ಮುಚ್ಚಿಡಲ್ವಾ ಅಂತ ಎದ್ದೋದ್ರು. ಮದ್ವೆ ನಿಂತೋಯ್ತು."

"ಗಿರಿಜಮ್ಮೋರೇ, ನಾನೇ ತುರುವೇಕೆರೆಗೆ ಹೋಗಿ ಕೈಮುಗಿದು ಹೇಳ್ತೀನಿ."

"ನೀವು ಹೇಳಿದ್ದು ಸಾಕು ನಸೀಮಮ್ಮ."

ಮೊಳೆಗೆ ನೇತುಹಾಕಿದ್ದ ತಮ್ಮ ಅಳತೆ ಬ್ಲೌಸನ್ನು ಅವರೇ ತೆಗೆದುಕೊಂಡರು. ಮಗಳದನ್ನು ಕೇಳಲಿಲ್ಲ. ಅವರು ಅತ್ತಿದ್ದರೆ, ಬೈದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಯೋಗೀಶ್ ಅದಕ್ಕೂ ಒಂದು ದಾರಿ ಹುಡುಕಿದ್ದ. "ಗ್ರಾಹಕರೇ ನಮ್ಮ ದೇವರು, ಯಾರ ಭಾವನೆಗಾದರೂ ನೋವಾಗಿದ್ದರೆ ಕ್ಷಮೆ ಇರಲಿ" ಅಂತ ಬರೆದು, ಕೆಳಗೆ ನನ್ನ ಅಂಗಡಿಯ ನಂಬರು ಹಾಕಿ ತಂದು ತೋರಿಸಿದ. ಹೆಸರು ಹಾಕದಿದ್ದರೆ ಅದು ಯಾರಿಗೂ ಸೇರುವ ಕ್ಷಮೆಯಲ್ಲ. ಹಾಕಿದರೆ ಆ ಹುಡುಗಿಯನ್ನು ಇನ್ನೊಮ್ಮೆ ಬೀದಿಗೆ ಎಳೆದ ಹಾಗೆ. ನನ್ನ ಅಂಗಡಿ ಮೆಟ್ಟಿಲು ಹತ್ತಬೇಡ ಅಂದೆ.

ಅವನು ಹತ್ತಲಿಲ್ಲ, ಗಿರಾಕಿಗಳು ಹತ್ತಿದರು. ಶೆಟ್ಟಿಕೆರೆಯಿಂದ, ಚಿಕ್ಕನಾಯಕನಹಳ್ಳಿಯಿಂದ ಬಸ್ಸಿಳಿದು ಬಂದರು. ಬ್ಲೌಸ್ ಚೀಲದಿಂದ ತೆಗೆಯುವ ಮೊದಲೇ "ಆ ಹುಡುಗಿ ಯಾರು ಅಂತ ನಿಮ್ಗೆ ಗೊತ್ತಲ್ವಾ" ಅಂತ ದನಿ ತಗ್ಗಿಸಿ ಕೇಳುತ್ತಿದ್ದರು. ಎದ್ದು ಹೋಗಿ ಅನ್ನಬೇಕಿತ್ತು. ಹಾಳು ಹೊಟ್ಟೆಪಾಡು, ತಲೆ ಬಗ್ಗಿಸಿ ಅಳತೆ ತೆಗೆದೆ. ಆ ರೀಲಿನ ಅನ್ನವನ್ನೇ ಈಗಲೂ ಉಣ್ಣುತ್ತಿದ್ದೇನೆ.

ಎರಡು ತಿಂಗಳಾದ ಮೇಲೆ ಧೈರ್ಯ ಮಾಡಿ ಆ ಬ್ಲೌಸ್ ಕಾಗದದಲ್ಲಿ ಸುತ್ತಿಕೊಂಡು ಹಾಲ್ಕುರಿಕೆಗೆ ಹೋದೆ. ಗಿರಿಜಮ್ಮ ಒಳಗಿನಿಂದ ಬರಲಿಲ್ಲ. ಗಾನವಿ ಜಗುಲಿಯಲ್ಲಿ ಕೂತಿದ್ದಳು. ಊದಿದ್ದಾಗ ಹೊಲಿಸಿದ ಚೂಡಿದಾರ ಭುಜದಿಂದ ಜಾರುತ್ತಿತ್ತು. ಮಾತ್ರೆ ನಿಂತು ಮೈ ಇಳಿದಿದೆ ಅಂತ ನೋಡಿದೊಡನೆ ಗೊತ್ತಾಯಿತು. ಬ್ಲೌಸಿನ ಪೊಟ್ಟಣ ಅವಳ ಪಕ್ಕ ಇಟ್ಟು, ನನಗೆ ಬರುವ ಒಂದೇ ಕೆಲಸಕ್ಕೆ ಕೈಹಾಕಿ ಚೀಲದಿಂದ ಟೇಪು ತೆಗೆದೆ.

"ಇಂಥ ಬಟ್ಟೆ ಎಷ್ಟಿದ್ರೂ ಕೊಡಮ್ಮ. ಇಲ್ಲೇ ಕೂತು ಸೈಡ್ ಹಿಡ್ದು ಚಿಕ್ಕದು ಮಾಡ್ಕೊಡ್ತೀನಿ."

ಅವಳು ವೇಲು ಎಳೆದು ಮೈತುಂಬ ಹೊದ್ದುಕೊಂಡಳು.

"ಬೇಡ ಬುಡಿ ಆಂಟಿ, ಸಡಿಲಾನೇ ಇರ್ಲಿ. ಮೈ ಇಳಿದದ್ದು ಕಂಡ್ರೆ ಊರೋರು ಮಗೂನ ತೆಗೆಸ್ಕೊಂಡ್ಳು ಅಂತಾರೆ. ಅವ್ರ ಲೆಕ್ಕದ ಒಂಬತ್ತು ತಿಂಗ್ಳು ತುಂಬಿಬಿಡ್ಲಿ. ಆಮೇಲೆ ನಾನೇ ತಗೊಂಡ್ ಬತ್ತೀನಿ."