ಬಾಲದ ಮೇಲೆ ತಲೆ ಹೊತ್ತ ಬಾತುಕೋಳಿ

ಅಮ್ಮನ ಮಗ್ಗವನ್ನು ಕೊಳ್ಳುವವನು ಸಂಜೆ ಬರುವವನಿದ್ದ. ಅಷ್ಟರೊಳಗೆ ಬಟ್ಟೆಯ ಅಂಚಿನಲ್ಲಿ ಬಾತುಕೋಳಿ ನೆಟ್ಟಗೆ ಮೂಡದಿದ್ದರೆ ಮಗ್ಗ ಕೈಬಿಟ್ಟುಹೋದ ಹಾಗೆಯೇ. ಮಗಳು ಬೆಳಗ್ಗೆಯಿಂದ ತಿಂಡಿ ಕೂಡ ಮುಟ್ಟಿರಲಿಲ್ಲ.

ಅಮ್ಮ ಅಂಚುಪಟ್ಟಿ ನೇಯುವವಳು. ಚಿತ್ತಾರದ ಎಳೆಗಳನ್ನು ಎತ್ತಲು ತಲೆಯ ಮೇಲಿನ ಎಂಟು ಹುರಿಗಳನ್ನು ಸಾಲುಸಾಲಿಗೂ ಜಗ್ಗಿ ಜಗ್ಗಿ ಅವಳ ಬಲಭುಜವೇ ಕೈಕೊಟ್ಟಿತ್ತು. ಅಂದಿನಿಂದ ಅಡುಗೆಮನೆಯ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು. "ಕಣ್ಣೆದುರಿಗೆ ಮಗ್ಗ ಇದ್ರೆ ಅವಳಿಗೆ ಸಂಕಟ, ಮಾರಿಬಿಡೋಣ" ಎಂದು ಅಪ್ಪ ಮಾತಾಡಿ ಬಂದಿದ್ದರು.

ಮಗಳದು ರೇಡಿಯೋ ರಿಪೇರಿ ಅಂಗಡಿ. ಒಂದೊಂದು ಹುರಿಗೂ ತಂತಿ ಸುತ್ತಿದ ಒಂದೊಂದು ಕಾಯಿಲ್ ಕಟ್ಟಿದಳು. ಕರೆಂಟ್ ಹರಿದರೆ ಹುರಿ ತಾನೇ ಮೇಲೇಳುತ್ತದೆ. ಅಮ್ಮ ಕಾಲ್ಮಣೆ ಒತ್ತಿದರೆ ಸಾಕು, ಲ್ಯಾಪ್‌ಟಾಪಿನಿಂದ ಅಂಗೈಯಗಲದ ಮೈಕ್ರೋಕಂಟ್ರೋಲರ್ ಬೋರ್ಡಿಗೆ ಹೆಕ್ಸಾಡೆಸಿಮಲ್‌ನ, ಅಂದರೆ ಹದಿನಾರರ ಲೆಕ್ಕದ, ಎರಡು ಅಂಕಿ ಓಡುತ್ತವೆ. ಮೊದಲನೆಯದು ಎಡಗಡೆಯ ನಾಲ್ಕು ಹುರಿಗಳಿಗೆ ಅಪ್ಪಣೆ, ಎರಡನೆಯದು ಬಲಗಡೆಯ ನಾಲ್ಕಕ್ಕೆ. ಬಾತುಕೋಳಿಯ ತಲೆ ಎಡಕ್ಕೆ, ಬಾಲ ಬಲಕ್ಕೆ. ಕಾಗದದ ಮೇಲೆ ಎಲ್ಲ ಚೆಂದವೇ ಇತ್ತು.

ಅಮ್ಮ ಒಲ್ಲದ ಮನಸ್ಸಿನಿಂದ ಕೂತು ಎಡಗೈಯಲ್ಲಿ ಲಾಳಿ ತೂರಿದಳು. ಟಕ್, ಟಕ್ ಎಂದು ಹುರಿಗಳು ಎದ್ದವು. ಬಟ್ಟೆ ಬೆಳೆದಂತೆ ಎಡಗಡೆ ಪೂರ್ತಿ ಬೋಳು. ಬಲಗಡೆ ಮಾತ್ರ ಏನೋ ಒಂದು ರಾಶಿ.

"ಇದೇನೇ, ಬಾಲದ ಮೇಲೇ ತಲೆ ಕೂತಿದೆ?" ಎಂದಳು ಅಮ್ಮ. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇದು ನನಗೂ ಮುದ್ದಲ್ಲ ಕಣೆ."

ಹೇಳಿದವಳೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟು ಕಾಲವಾಗಿತ್ತೋ ಆ ನಗು ಕೇಳಿ! ಮಗಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು.

ನಗುನಗುತ್ತಲೇ ತಪ್ಪು ಹೊಳೆಯಿತು. ಮೊದಲ ಅಂಕಿಯನ್ನು ಹುರಿಗೊಂದರಂತೆ ನಾಲ್ಕು ಮನೆ ಎಡಕ್ಕೆ ಸರಿಸಿ, ಆಮೇಲೆ ಎರಡನೆಯದನ್ನು ಪಕ್ಕಕ್ಕೆ ಕೂರಿಸಬೇಕಿತ್ತು. ಸರಿಸುವುದನ್ನೇ ಮರೆತಿದ್ದಳು. ಎರಡು ಅಂಕಿಗಳೂ ಒಂದೇ ಕುರ್ಚಿಗೆ ಬಂದು ಕೂತಿದ್ದವು.

"ಒಂದೇ ಸಾಲಮ್ಮಾ, ಈಗ ಸರಿಹೋಗತ್ತೆ" ಎಂದು ಪ್ರೋಗ್ರಾಮಿನಲ್ಲಿ ಆ ಸಾಲು ತಿದ್ದಿ, ಮತ್ತೆ ಬೋರ್ಡಿಗೆ ತುಂಬಿದಳು.

ಈ ಸಲ ಎಡಗಡೆಯ ಹುರಿಗಳೂ ಎದ್ದವು. ಮೊದಲು ಕಾಲು, ಆಮೇಲೆ ಹೊಟ್ಟೆ. ಬಲಕ್ಕೆ ಬಾಲ ಏಳುತ್ತಿದ್ದ ಹಾಗೇ ಎಡಕ್ಕೆ ಕತ್ತು ಬೆಳೆಯಿತು, ಕೊಕ್ಕೂ ಬಂತು. ಅಮ್ಮ ಎರಡನೆಯ ಬಾತುಕೋಳಿಗೆ ಕೈಹಾಕಿದಳು, ಮೂರನೆಯದಕ್ಕೂ.

ಸಂಜೆ ಅಪ್ಪ ಬಾಗಿಲಲ್ಲಿ ಇಣುಕಿದರು. "ಅವರು ಬಂದಿದಾರೆ. ಮಗ್ಗ ಬಿಚ್ಚೋಕೆ ಆಳೂ ಕರ್ಕೊಂಡು ಬಂದಿದಾರೆ."

ಅಮ್ಮ ತಲೆ ಎತ್ತಲಿಲ್ಲ. "ಬಂದಿದ್ದಕ್ಕೆ ಕಾಫಿ ಕೊಟ್ಟು ಕಳಿಸಿ."

"ಕಾಫಿ ಮಾಡೋರ್ಯಾರು?"

"ನೀವೇ ಮಾಡಿ. ರಾತ್ರಿ ಅಡುಗೇನೂ ನೀವೇ ನೋಡ್ಕೊಳ್ಳಿ" ಎಂದು ಅಮ್ಮ ಕಾಲ್ಮಣೆ ಒತ್ತಿದಳು. "ನನಗೆ ಕೆಲಸ ಇದೆ."